ಅಂತರ್ಜಾಲದ ಅಂಗಡಿಗೆ ಒಡೆಯರು ಯಾರು?

(ಸಣ್ಣ ವ್ಯಾಪಾರಿಗಳ ಮತ್ತು ಕುಶಲಕರ್ಮಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಬೀದರಿನ ಬಿದರಿ ಕಲೆಯ ಹೆಸರನ್ನು ಕೇಳದವರು ಇಲ್ಲಿ ಯಾರೂ ಇರಲಾರರು. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಅದರ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಆದರೆ ದೂರದ ನಗರದ ಮಳಿಗೆಯೊಂದರಲ್ಲಿ ಬಿದರಿ ಹೂದಾನಿಯನ್ನು ಕೊಂಡವರಿಗೆ ಅದನ್ನು ಮಾಡಿದವರು ಯಾರೆಂದು ತಿಳಿಯುವುದೇ? ಅವರಿಗೆ ಗೊತ್ತಿರುವುದು ಮಳಿಗೆಯ ಹೆಸರು ಮಾತ್ರ. ಮತ್ತೊಂದು ಹೂದಾನಿ ಬೇಕೆನಿಸಿದರೆ ಅವರು ಹೋಗುವುದೂ ಅಲ್ಲಿಗೇ. ಇದು ಬಿದರಿಯ ಕತೆ ಮಾತ್ರವಲ್ಲ. ಮನೆಯಲ್ಲಿ ಉಪ್ಪಿನಕಾಯಿ ಹಾಕುವ, ಬುರ್ಖಾ ಹೊಲಿಯುವ, ಮರದ ಕೆತ್ತನೆ ಮಾಡುವ ಎಲ್ಲರ ಕತೆಯೂ ಹೌದು. ದುಡಿಮೆ ನಮ್ಮದು, ಹೆಸರು ಇನ್ನೊಬ್ಬರದು. ಈ ಸ್ಥಿತಿಯನ್ನು ಬದಲಿಸಲು ಜಾಲತಾಣವೊಂದು ನೆರವಾಗಬಲ್ಲದು. ಆದರೆ ಅದು ನಿಜವಾಗಿಯೂ ನಮ್ಮದಾಗಿರಬೇಕು.

ಜಾಲತಾಣಕ್ಕೆ ಮೊದಲು ಬೇಕಾದುದು ಡೊಮೇನ್, ಅಂದರೆ ತಾಣದ ವಿಳಾಸವಾಗುವ ಹೆಸರು. ನಮ್ಮ ದೇಶದ ಡಾಟ್ ಇನ್ ಹೆಸರುಗಳು 2005ರಿಂದ ಸಾರ್ವಜನಿಕರಿಗೆ ಮುಕ್ತವಾಗಿ ದೊರೆಯುತ್ತಿವೆ. ಇದನ್ನು ಒಮ್ಮೆಗೇ ಕೊಂಡುಬಿಡಲು ಬರುವುದಿಲ್ಲ, ಕಾಲಕಾಲಕ್ಕೆ ಶುಲ್ಕ ಕಟ್ಟಿ ನವೀಕರಿಸಬೇಕು. ಅನೇಕರು ಇಲ್ಲಿಯೇ ಎಡವುತ್ತಾರೆ. ತಾಣ ಕಟ್ಟಿಕೊಡುವವರು ತಮ್ಮ ಹೆಸರಿನಲ್ಲಿ, ತಮ್ಮ ಇ-ಮೇಲ್ ವಿಳಾಸದಿಂದ ಡೊಮೇನನ್ನು ನೋಂದಾಯಿಸುತ್ತಾರೆ. ನಾಳೆ ಅವರು ಊರು ಬಿಟ್ಟರೆ, ಅಥವಾ ಮನಸ್ತಾಪ ಬಂದರೆ ಆ ಹೆಸರು ಯಾರದು? ದಾಖಲೆಯ ಪ್ರಕಾರ ಅವರದೇ. ಅಂಗಡಿಯ ಕರಾರುಪತ್ರವನ್ನು ಬಡಗಿಯ ಹೆಸರಿನಲ್ಲಿ ಬರೆಸುವವರುಂಟೇ? ಆದ್ದರಿಂದ ನೋಂದಣಿ ನಿಮ್ಮ ಹೆಸರಿನಲ್ಲಿರಲಿ, ಪಾಸ್‌ವರ್ಡ್ ನಿಮ್ಮ ವಶದಲ್ಲಿರಲಿ, ನವೀಕರಣದ ದಿನಾಂಕ ಅಂಗಡಿಯ ಲೆಕ್ಕದ ಪುಸ್ತಕದಲ್ಲಿರಲಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಉಚಿತವಾಗಿರುವಾಗ ಈ ಖರ್ಚೇಕೆ ಎಂದು ನೀವು ಕೇಳಬಹುದು. ಅವುಗಳನ್ನು ಧಾರಾಳವಾಗಿ ಬಳಸಿರಿ. ಆದರೆ ಅವು ಪರರ ಜಾಗದಲ್ಲಿ ಹಾಕಿದ ಡೇರೆಗಳೆಂಬುದು ನೆನಪಿರಲಿ. ಟಿಕ್‌ಟಾಕ್ ಅನ್ನು ಸರಕಾರವು 2020ರ ಜೂನ್‌ನಲ್ಲಿ ನಿಷೇಧಿಸಿದಾಗ ಅಲ್ಲಿ ಗಳಿಸಿದ್ದ ಗಿರಾಕಿಗಳು ಒಂದೇ ಏಟಿಗೆ ಕೈತಪ್ಪಿದರು. ಗೂಗಲ್ ಸಂಸ್ಥೆಯು ಸಣ್ಣ ವ್ಯಾಪಾರಿಗಳಿಗೆ ತನ್ನ ಬಿಸಿನೆಸ್ ಪ್ರೊಫೈಲ್ ಮೂಲಕ ಉಚಿತ ಜಾಲತಾಣಗಳನ್ನು ಕೊಟ್ಟಿತ್ತು. 2024ರ ಮಾರ್ಚ್‌ನಲ್ಲಿ ಅವೆಲ್ಲವನ್ನೂ ಮುಚ್ಚಿಬಿಟ್ಟಿತು. ಸ್ವಂತ ಡೊಮೇನ್ ಇದ್ದವರು ಹೊಸ ತಾಣ ಕಟ್ಟಿ ಅದೇ ವಿಳಾಸದಲ್ಲಿ ವ್ಯಾಪಾರ ಮುಂದುವರಿಸಬಹುದಿತ್ತು. ಇಲ್ಲದವರ ವಿಳಾಸವೇ ಅಳಿಸಿಹೋಯಿತು.

ಇನ್ನು ತಾಣದಲ್ಲಿ ಏನಿರಬೇಕು? ನಮ್ಮವರು 'ಅತ್ಯುತ್ತಮ ಗುಣಮಟ್ಟ, ಕಡಿಮೆ ದರ' ಎಂದು ದೊಡ್ಡಕ್ಷರದಲ್ಲಿ ಬರೆಸುತ್ತಾರೆ. ಇದರಿಂದ ಗಿರಾಕಿಗೆ ತಿಳಿಯುವುದೇನು? ಎದುರಿಗಿಲ್ಲದ ವ್ಯಾಪಾರಿಯ ಬಗ್ಗೆ ಗಿರಾಕಿಗೆ ಮೂರು ಸಂಶಯಗಳಿರುತ್ತವೆ: ನೀವು ಯಾರು? ವಸ್ತು ನಿಜಕ್ಕೂ ಹೇಗಿದೆ? ಕೆಟ್ಟರೆ ಯಾರನ್ನು ಕೇಳಬೇಕು? ಬಿದರಿ ಪೆಟ್ಟಿಗೆಯನ್ನು ಮಾರುವುದಾದರೆ ಅದರ ಅಳತೆ, ತೂಕ, ತಯಾರಿಸಿದವರ ಹೆಸರು, ಕೊರಿಯರ್ ವೆಚ್ಚ ಸೇರಿದ ಒಟ್ಟು ಬೆಲೆ, ತಲುಪುವ ದಿನ, ಹಿಂತಿರುಗಿಸುವ ನಿಯಮ ಇವಿಷ್ಟನ್ನೂ ಬರೆಯಿರಿ. ಹಗಲು ಬೆಳಕಿನಲ್ಲಿ ತೆಗೆದ ನೈಜ ಚಿತ್ರ ಹಾಕಿರಿ. ಬಹಳಷ್ಟು ಗಿರಾಕಿಗಳು ನೋಡುವುದು ಮೊಬೈಲಿನಲ್ಲಿಯೇ. ಆದ್ದರಿಂದ ಚಿತ್ರಗಳು ಭಾರವಾಗಿರದೆ ಪುಟ ಬೇಗನೆ ತೆರೆಯಲಿ.

ಪ್ರಚಾರದ ವಿಷಯದಲ್ಲಿಯೂ ಇದೇ ಮಾತು. ಗಿರಾಕಿಯು ಹುಡುಕುವುದು 'ಬಿದರಿ ಕಿವಿಯೋಲೆ' ಎಂದೇ ಹೊರತು 'ಅದ್ಭುತ ಕಲಾಕೃತಿ' ಎಂದಲ್ಲ. ಆ ಸರಳ ಪದವೇ ನಿಮ್ಮ ಪುಟದ ಶೀರ್ಷಿಕೆಯಾಗಲಿ. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ನಮೂದಿಸಲು ಹಣ ಕೊಡಬೇಕಾಗಿಲ್ಲ. 'ಹುಡುಕಾಟದಲ್ಲಿ ನಿಮ್ಮನ್ನೇ ಮೊದಲ ಸ್ಥಾನಕ್ಕೆ ತರುತ್ತೇವೆ' ಎಂದು ಹಣ ಕೇಳುವವರನ್ನು ನಂಬಬೇಡಿರಿ. ಅಂಥ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಹೇಳಿದೆ. ಬಂಧು ಮಿತ್ರರಿಂದ ಸುಳ್ಳು ಹೊಗಳಿಕೆ ಬರೆಸುವುದು ಮತ್ತೊಂದು ಪಿಡುಗು. ಮಾರುವವನೇ ಗ್ರಾಹಕನ ಸೋಗಿನಲ್ಲಿ ವಿಮರ್ಶೆ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು ನಿಷೇಧಿಸಿವೆ. ಕಾನೂನಿನ ಭಯ ಒತ್ತಟ್ಟಿಗಿರಲಿ, ಸುಳ್ಳನ್ನು ನಂಬಿ ಕೊಂಡವರು ಎರಡನೆಯ ಸಲ ಬರುವರೇ? ವಸ್ತು ತಲುಪಿದ ಬಳಿಕ ಗಿರಾಕಿಗೆ ಒಂದು ಸಂದೇಶ ಕಳಿಸಿ ಅಭಿಪ್ರಾಯ ಕೇಳಿರಿ. ದೂರು ಬಂದರೆ ಅಳಿಸಲು ಹೊರಡದೆ ಸೌಜನ್ಯದಿಂದ ಉತ್ತರಿಸಿರಿ. ಅದನ್ನು ಓದುವ ಇತರರಿಗೆ ನಿಮ್ಮ ವ್ಯವಹಾರದ ರೀತಿ ತಿಳಿಯುತ್ತದೆ.

ಮತ್ತೊಂದು ಎಚ್ಚರಿಕೆ. ದೊಡ್ಡ ಆರ್ಡರ್ ಕೊಡುವ ಸೋಗಿನಲ್ಲಿ ಕರೆ ಮಾಡಿ, 'ಹಣ ಕಳಿಸಿದ್ದೇವೆ, ಪಿನ್ ಒತ್ತಿರಿ' ಎನ್ನುವ ವಂಚಕರಿದ್ದಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಈ ಮಾತನ್ನು ಮನೆಯ ಪ್ರತಿಯೊಬ್ಬರಿಗೂ ಕಲಿಸಿರಿ.

ಕೊನೆಯದಾಗಿ, ಇದನ್ನೆಲ್ಲ ಮಾಡುವವರು ಯಾರು? ನಮ್ಮ ಅನೇಕ ಮನೆಗಳಲ್ಲಿ ಪದವಿ ಪಡೆದ ಹೆಣ್ಣುಮಕ್ಕಳಿದ್ದಾರೆ. ಕಂಪ್ಯೂಟರ್ ಬಲ್ಲರು, ಕನ್ನಡ, ಉರ್ದು, ಇಂಗ್ಲಿಷ್ ಬಲ್ಲರು. ಅಂಗಡಿಗೆ ಬಂದು ಕೂರುವುದು ಅವರಿಗೆ ಸಾಧ್ಯವಾಗದಿರಬಹುದು. ಆದರೆ ಈ ಅಂಗಡಿಯನ್ನು ಮನೆಯಿಂದಲೇ ನಡೆಸಬಲ್ಲರು. ಅವರಿಗೆ ಹೊಣೆ ಕೊಡಿರಿ, ಹೊಣೆಯೊಂದಿಗೆ ಲಾಭದ ಪಾಲನ್ನೂ ಕೊಡಿರಿ. ದುಡಿದವರ ಹೆಸರು ಮರೆಯಾಗಬಾರದೆಂದು ನಾವು ಮಧ್ಯವರ್ತಿಯನ್ನು ಕೇಳುವುದಾದರೆ, ಆ ನ್ಯಾಯ ನಮ್ಮ ಮನೆಯೊಳಗಿನಿಂದಲೇ ಆರಂಭವಾಗಲಿ.