ದಾರಿಯಲ್ಲಿ ಮಗು ತಣ್ಣಗಾಗದಿರಲಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ ನರ್ಸ್ ಆದವಳು ನಾನು. ಭಾಷಣದ ಅಭ್ಯಾಸವಿಲ್ಲ, ಗೊತ್ತಿರುವ ಒಂದು ವಿಷಯ ಹೇಳಿ ಕೂರುತ್ತೇನೆ.

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಚಳಿಯೇ ದೊಡ್ಡ ಶತ್ರು. ಒಮ್ಮೆ ಅಂಥ ಮಗುವನ್ನು ತೆಳು ಪಂಚೆಯಲ್ಲಿ ಸುತ್ತಿ ರಾತ್ರಿ ಜೀಪಿನಲ್ಲಿ ತಂದರು. ನಮ್ಮ ಕೈ ಸೇರುವಾಗ ಪಾದ ತಣ್ಣಗಿತ್ತು. ಮಗು ಉಳಿಯಲಿಲ್ಲ.

ಸರ್ಕಾರದ ವ್ಯವಸ್ಥೆಗೆ ಮೆಟ್ಟಿಲುಗಳಿವೆ. ಹೆರಿಗೆ ಕೋಣೆಯಲ್ಲೇ ನವಜಾತ ಶಿಶು ಆರೈಕೆ ಮೂಲೆ, ತಾಲ್ಲೂಕು ಮಟ್ಟದಲ್ಲಿ ಸ್ಥಿರೀಕರಣ ಘಟಕ, ಜಿಲ್ಲಾ ಮಟ್ಟದಲ್ಲಿ ವಿಶೇಷ ಘಟಕ. ಬೆಂಗಳೂರಿನಲ್ಲಿ 1935ರಿಂದ ವಾಣಿ ವಿಲಾಸ ಆಸ್ಪತ್ರೆ. 2008ರಿಂದ 108 ವಾಹನವೂ ಇದೆ. 34 ವಾರಕ್ಕೆ ಮುಂಚೆ ನೋವು ಕಾಣಿಸಿದರೆ, ತಾಯಿಗೆ ಕೊಡುವ ಚುಚ್ಚುಮದ್ದಿನಿಂದ ಮಗುವಿನ ಶ್ವಾಸಕೋಶ ಬಲಿಯುತ್ತದೆ. ಆದ್ದರಿಂದ ಮಗು ಹೊಟ್ಟೆಯಲ್ಲಿರುವಾಗಲೇ ಹೊರಡುವುದು ಲೇಸು.

ಮೆಟ್ಟಿಲುಗಳ ನಡುವಿನ ದಾರಿ ನಮ್ಮ ಕೈಯಲ್ಲಿದೆ. ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, 108ಕ್ಕೆ ಫೋನ್ ಮಾಡಿ. ಹುಟ್ಟಿದ ಮೇಲೆ ಸಾಗಿಸಬೇಕಾದರೆ ಮಗುವನ್ನು ತಾಯಿಯ ಬರಿ ಎದೆಗೆ ಅವಚಿ, ತಲೆಗೆ ಟೋಪಿ ಹಾಕಿ, ಮೇಲೆ ಹೊದಿಸಿ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದಿದ್ದಾಗ ಶುರುವಾದ ಕ್ರಮವಿದು. ಇಂದು ಜಗತ್ತೇ ಒಪ್ಪಿದೆ. ತಾಯಿಗೆ ಆಗದಿದ್ದರೆ ಅಪ್ಪನ ಎದೆಯೂ ಆದೀತು, ಅಜ್ಜಿಯದೂ ಆದೀತು.

ಗುರುಗಳೇ, ಹತ್ತನೇ ತರಗತಿಯ ಹುಡುಗಿಯರಿಗೂ ಹುಡುಗರಿಗೂ ಇಷ್ಟನ್ನು ಒಂದು ದಿನ ಹೇಳಿಕೊಡಿ. ಆ ಜೀಪಿನಲ್ಲಿದ್ದವರಲ್ಲಿ ಒಬ್ಬರಿಗೆ ಗೊತ್ತಿದ್ದರೂ ಸಾಕಿತ್ತು.