ಯಂತ್ರ ಎಲ್ಲಿಯವರೆಗೆ ಎದ್ದಿತು?

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನ್ನನ್ನು ತಜ್ಞನೆಂದು ಪರಿಚಯ ಮಾಡಿಕೊಟ್ಟರು. ಅದು ಅವರ ದೊಡ್ಡ ಮನಸ್ಸು. ನಾನು ಮೂವತ್ತನಾಲ್ಕು ವರ್ಷ ಈ ಊರಿನ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿವೃತ್ತನಾದವನು. ಕಂಪ್ಯೂಟರನ್ನು ಕಲಿತದ್ದು ಅರವತ್ತು ದಾಟಿದ ಮೇಲೆ, ಅದೂ ಮೊಮ್ಮಗನಿಂದ ಬೈಸಿಕೊಂಡು. ಆದುದರಿಂದ ನಾನು ಹೇಳುವುದರಲ್ಲಿ ಪಾಂಡಿತ್ಯ ಕಡಿಮೆ. ಕೈಗೆ ಮಸಿ ಹತ್ತಿಸಿಕೊಂಡ ಅನುಭವ ಒಂದಿಷ್ಟು ಉಂಟು.

ಪತ್ರಿಕೆಗಳ ಮೇಜಿನ ಪಕ್ಕದಲ್ಲಿ, ಹಳೆಯ ಟಿವಿಯ ಹಿಂದೆ, ಅಂಗೈಯಗಲದ ಒಂದು ಹಸಿರು ಹಲಗೆಯನ್ನು ಕಟ್ಟಿರುವುದನ್ನು ತಾವೆಲ್ಲರೂ ನೋಡಿದ್ದೀರಿ. ಅದರ ಹೆಸರು ರಾಸ್ಪ್‌ಬೆರಿ ಪೈ. ಇಡೀ ಕಂಪ್ಯೂಟರು ಒಂದೇ ಹಲಗೆಯ ಮೇಲೆ. ಇಂಗ್ಲೆಂಡಿನ ಕೇಂಬ್ರಿಜ್‌ನವರು ಮಕ್ಕಳು ಕಂಪ್ಯೂಟರ್ ಕಲಿಯಲೆಂದು 2012ರ ಫೆಬ್ರವರಿ 29ರಂದು ಇದನ್ನು ಮೊದಲು ಮಾರಾಟಕ್ಕೆ ತಂದರು. ಆಗ ಬೆಲೆ ಮೂವತ್ತೈದು ಡಾಲರು. ನಮ್ಮ ಸಂಘದವರು 2018ರಲ್ಲಿ ಅದರ ಮೂರನೆಯ ಮಾದರಿಯನ್ನು ಕೊಂಡರು. ಅಂದಿನಿಂದ ನಮ್ಮವರ ಪಿ.ಎಫ್. ಲೆಕ್ಕ, ಊರಿಗೆ ಹೋಗುವ ರೈಲಿನ ಟಿಕೇಟು, ಪರೀಕ್ಷೆಯ ಫಾರಂ ಎಲ್ಲವೂ ಆ ಹಲಗೆಯ ಮುಂದೆಯೇ ನಡೆದುಕೊಂಡು ಬಂದವು.

2023ರ ಮಳೆಗಾಲದ ಒಂದು ಸಂಜೆ ಅದು ಏಳಲಿಲ್ಲ. ಟಿವಿ ಕಪ್ಪಗೆ ನಿಂತಿತು. ಗುಂಡಿ ಒತ್ತೋಣವೆಂದರೆ ಗುಂಡಿಯೇ ಇಲ್ಲ. ಆಗ ಇಲ್ಲಿ ನಡೆದದ್ದು ದೊಡ್ಡ ಸಭೆ. ಗುಜರಿಗೆ ಹಾಕಿ ಎಂದರು ಒಬ್ಬರು. ಇನ್ನೊಬ್ಬರು ಉದಾರಿಗಳು, ಮರುದಿನವೇ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ನಾಲ್ಕನೆಯ ಮಾದರಿಯ ಹೊಸ ಹಲಗೆಯನ್ನೇ ತಂದರು. ಹಳೆಯ ಕಾರ್ಡನ್ನು ಅದಕ್ಕೆ ಹಾಕಿದರು. ಅದೂ ಏಳಲಿಲ್ಲ. ಮೂರನೆಯವರು ಆ ಕಾರ್ಡನ್ನು ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಲ್ಯಾಪ್‌ಟಾಪು ಕೇಳಿತು. ‘ನೋಡಿ, ಕಾರ್ಡೇ ಕೆಟ್ಟಿದೆ, ಒರೆಸಿ ಹೊಸದಾಗಿ ಬರೆದರಾಯಿತು’ ಎಂದು ಅವರು ಬೆರಳೆತ್ತಿದ್ದರು.

ಆಗ ಬಾಗಿಲ ಬಳಿ ಒಬ್ಬ ಹುಡುಗ ನಿಂತಿದ್ದ. ಕುಂದಾಪುರದ ಕಡೆಯವನು, ಕ್ಯಾಂಟೀನಿನಲ್ಲಿ ಕೆಲಸ. ರಾತ್ರಿ ಪಾತ್ರೆ ಕವುಚಿಟ್ಟ ಮೇಲೆ ಇಲ್ಲಿಗೆ ಬಂದು, ಎಂಟು ತಿಂಗಳು ಕೂತು, ನಮ್ಮ ಕಪಾಟುಗಳ ಕನ್ನಡ ಪುಸ್ತಕಗಳ ಪಟ್ಟಿಯನ್ನು ಒಂದೊಂದಾಗಿ ಬೆರಳಚ್ಚು ಮಾಡಿದವನು ಅವನೇ. ಹಳೆಯ ಕೈಬರಹದ ರಿಜಿಸ್ಟರನ್ನು ಗೆದ್ದಲು ತಿಂದಿದ್ದು ತಮಗೆ ನೆನಪಿರಬಹುದು. ಆ ಪಟ್ಟಿಯ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ‘ಅಜ್ಜ, ಬರೆದದ್ದೆಲ್ಲ ಹೋಯ್ತಾ?’ ಎಂದು ಕೇಳಿದ. ನಾನು ಲ್ಯಾಪ್‌ಟಾಪಿನವರ ಕೈ ಹಿಡಿದೆ. ಅವರಿಗೆ ಸ್ವಲ್ಪ ಸಿಟ್ಟೂ ಬಂತು.

ಎಕ್ಸ್‌ಚೇಂಜಿನಲ್ಲಿ ನಮಗೆ ಮೊದಲು ಕಲಿಸಿದ್ದು ಒಂದೇ ಪ್ರಶ್ನೆ. ಕರೆ ಹೋಗುತ್ತಿಲ್ಲ ಎಂದು ದೂರು ಬಂದರೆ, ಏನು ಕೆಟ್ಟಿದೆ ಎಂದು ಕೇಳಬಾರದು. ಕರೆ ಎಲ್ಲಿಯವರೆಗೆ ಹೋಗಿ ನಿಂತಿತು ಎಂದು ಕೇಳಬೇಕು. ಅಷ್ಟು ತಿಳಿದರೆ ನೂರು ಸ್ವಿಚ್ಚುಗಳಲ್ಲಿ ಬಿಚ್ಚಬೇಕಾದದ್ದು ಒಂದೇ. ಕಂಪ್ಯೂಟರಿಗೂ ಇದೇ ಪ್ರಶ್ನೆ ಒಪ್ಪುತ್ತದೆ. ಏಕೆಂದರೆ ಅದು ಒಮ್ಮೆಗೇ ಏಳುವ ಪ್ರಾಣಿಯಲ್ಲ.

ಇದು ಇಂದಿನ ಮಾತೂ ಅಲ್ಲ. ಅದೇ ಕೇಂಬ್ರಿಜ್‌ನಲ್ಲಿ 1949ರಲ್ಲಿ ಎಡ್ಸ್ಯಾಕ್ ಎಂಬ ಯಂತ್ರ ಕೆಲಸ ಆರಂಭಿಸಿತು. ಬೆಳಿಗ್ಗೆ ಅದಕ್ಕೆ ಏನೂ ಗೊತ್ತಿರುತ್ತಿರಲಿಲ್ಲ. ಕಾಗದದ ಪಟ್ಟಿಯಿಂದ ಲೆಕ್ಕವನ್ನು ಓದಿಕೋ ಎಂದು ಹೇಳಲಿಕ್ಕೂ ಯಾರಾದರೂ ಬೇಕಷ್ಟೆ? ಡೇವಿಡ್ ವೀಲರ್ ಎಂಬ ತರುಣ ಅದಕ್ಕಾಗಿ 31 ಆಜ್ಞೆಗಳ ಒಂದು ಸಣ್ಣ ಕ್ರಮವನ್ನು ಬರೆದ. ಅವುಗಳನ್ನು ಯಾವುದರಲ್ಲಿ ಕಾಯಂ ಆಗಿ ಕೂರಿಸಿದ್ದರು ಗೊತ್ತೆ? ಯೂನಿಸೆಲೆಕ್ಟರುಗಳಲ್ಲಿ, ಅಂದರೆ ನಾನು ಕಾಲು ಶತಮಾನ ಎಣ್ಣೆ ಹಾಕಿ ಒರೆಸಿದ ಅವೇ ಟೆಲಿಫೋನ್ ಸ್ವಿಚ್ಚುಗಳಲ್ಲಿ! ಇದನ್ನು ಓದಿದ ದಿನ ನನಗೆ ನೆಂಟರ ಮನೆ ಸಿಕ್ಕಿದಷ್ಟು ಸಂತೋಷವಾಯಿತು. ನಮ್ಮ ಮುಂಬಯಿಯಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕಟ್ಟಿದ ಕಂಪ್ಯೂಟರು 1960ರಲ್ಲಿ ಪೂರ್ಣವಾಗಿ ಕೆಲಸಕ್ಕೆ ಬಂತು. ಅದರಲ್ಲಿ ಸುಮಾರು 2,700 ವಾಲ್ವುಗಳು. ಟಿಫ್ರ್ಯಾಕ್ ಎಂದು ಅದಕ್ಕೆ 1962ರಲ್ಲಿ ಹೆಸರಿಟ್ಟವರು ಪಂಡಿತ ನೆಹರೂ. ಅದು ಒಂದು ಕೋಣೆ ತುಂಬುವ ಯಂತ್ರ. ಇಂದಿನದು ಅಂಗೈಯಲ್ಲಿ ಕೂರುತ್ತದೆ. ಆದರೂ ಬೆಳಗಿನ ಆ ಮೊದಲ ಪಾಠ ಇದಕ್ಕೂ ತಪ್ಪಿಲ್ಲ.

ಹೋಟೆಲಿನಲ್ಲಿ ದುಡಿದವರಿಗೆ ಇದನ್ನು ಹೇಳುವುದು ಸುಲಭ. ಮಾಟುಂಗಾದ ಒಂದು ಹೋಟೆಲು ಬೆಳಗ್ಗೆ ಹೇಗೆ ತೆರೆಯುತ್ತದೆ? ನಾಲ್ಕಕ್ಕೆ ಒಬ್ಬ ಹುಡುಗ ಎದ್ದು ಶಟರ್ ಎತ್ತುತ್ತಾನೆ; ಅವನಿಗೆ ಬೇರೆ ಏನೂ ಗೊತ್ತಿಲ್ಲ. ಒಲೆ ಹೊತ್ತಿಸುವವನು ಆಮೇಲೆ. ಭಟ್ಟರು ಬಂದು ಸಾಮಾನಿನ ಚೀಟಿ ನೋಡಿ ಇಡ್ಲಿ ಹಬೆಗಿಡುತ್ತಾರೆ. ಕೊನೆಗೆ ಯಜಮಾನರು ಗಲ್ಲಾಪೆಟ್ಟಿಗೆಗೆ ಬಂದು ಕೂತಮೇಲೆ ಗಿರಾಕಿಗೆ ಬಾಗಿಲು. ಆರು ಗಂಟೆಗೆ ಬಂದ ಗಿರಾಕಿ ‘ಹೋಟೆಲು ಬಂದ್’ ಎಂದು ತಿರುಗಿ ಹೋಗುತ್ತಾನೆ. ಆದರೆ ಬಗ್ಗಿ ನೋಡಿದವನಿಗೆ ಶಟರ್ ಎದ್ದಿದೆ, ಒಲೆ ತಣ್ಣಗಿದೆ ಎಂದು ಕಂಡರೆ, ಯಾರು ಬಂದಿಲ್ಲವೆಂಬುದು ತಿಳಿದೇ ಹೋಯಿತು.

ನಮ್ಮ ಹಳೆಯ ಹಲಗೆಯಲ್ಲಿ ಶಟರ್ ಎತ್ತುವವನು ಚಿಪ್ಪಿನೊಳಗೇ ಕೆತ್ತಿ ಕೂರಿಸಿದ ಒಂದು ಪುಟ್ಟ ಕ್ರಮ. ಅವನನ್ನು ಯಾರೂ ಅಳಿಸಲಾರರು. ಅವನು ಕಾರ್ಡಿನ ಮೊದಲನೆಯ ಭಾಗಕ್ಕೆ ಹೋಗಿ ಬೂಟ್‌ಕೋಡ್ ಎಂಬ ಕಡತವನ್ನು ಎಬ್ಬಿಸುತ್ತಾನೆ. ಅದು ಸ್ಟಾರ್ಟ್ ಎಂಬ ಕಡತವನ್ನು ಎಬ್ಬಿಸುತ್ತದೆ. ಸ್ಟಾರ್ಟ್ ನಮ್ಮ ಭಟ್ಟರು. ಅವರು ಕಾನ್ಫಿಗ್ ಎಂಬ ಚೀಟಿಯನ್ನು ಓದಿ, ಟಿವಿಯಲ್ಲಿ ಬಣ್ಣಬಣ್ಣದ ಒಂದು ಚೌಕ ಮೂಡಿಸಿ, ಕರ್ನೆಲ್ ಎಂಬ ಯಜಮಾನರನ್ನು ಕರೆತರುತ್ತಾರೆ. ಮೊದಲ ಈ ಮೂವರಿಗೆ ಒಟ್ಟಾಗಿ ಫರ್ಮ್‌ವೇರ್ ಎಂದು ಹೆಸರು. ಒಂದು ವಿನೋದ ಕೇಳಿ: ಈ ಮೂವರೂ ದುಡಿಯುವುದು ಚಿತ್ರ ಬಿಡಿಸುವ ಭಾಗದಲ್ಲಿ. ಕಂಪ್ಯೂಟರಿನ ಮೆದುಳು ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಅಷ್ಟು ಹೊತ್ತೂ ನಿದ್ದೆಯಲ್ಲೇ ಇರುತ್ತದೆ.

ಇನ್ನು ಆ ಸಂಜೆಯ ಕಥೆ. ನಾನು ಮಾಡಿದ ಮೊದಲ ಕೆಲಸ ರಿಪೇರಿಯಲ್ಲ, ನಕಲು. ಸಣ್ಣ ಕಾರ್ಡನ್ನು ಹಾಕುವ ದೊಡ್ಡ ಕವಚಕ್ಕೆ ಪಕ್ಕದಲ್ಲಿ ಉಗುರಿನಷ್ಟು ಒಂದು ಬೀಗವಿರುತ್ತದೆ. ಅದನ್ನು ಕೆಳಗೆ ಜಾರಿಸಿ, ಇಡೀ ಕಾರ್ಡಿನ ಪ್ರತಿಯನ್ನು ಲ್ಯಾಪ್‌ಟಾಪಿಗೆ ತೆಗೆದುಕೊಂಡೆವು. ಆ ಲ್ಯಾಪ್‌ಟಾಪು ಫಾರ್ಮ್ಯಾಟ್ ಮಾಡಲೇ ಎಂದದ್ದು ಕಾರ್ಡು ಕೆಟ್ಟದ್ದರಿಂದ ಅಲ್ಲ. ಕಾರ್ಡಿನಲ್ಲಿ ಎರಡು ಭಾಗ. ಮೊದಲನೆಯದನ್ನು ವಿಂಡೋಸ್ ಓದಬಲ್ಲದು, ಎರಡನೆಯದು ಲಿನಕ್ಸಿನ ಲಿಪಿಯಲ್ಲಿದೆ. ತನಗೆ ಓದಲು ಬಾರದ ಪುಸ್ತಕವನ್ನು ಖಾಲಿ ಎಂದು ಹೇಳುವವರು ಮನುಷ್ಯರಲ್ಲೂ ಉಂಟಷ್ಟೆ. ಹುಡುಗನ ಪಟ್ಟಿ ಇದ್ದದ್ದು ಆ ಎರಡನೆಯ ಭಾಗದಲ್ಲೇ.

ಆಮೇಲೆ ಹಳೆಯ ಹಲಗೆ. ಅದರಲ್ಲಿ ಎರಡು ದೀಪ. ಕೆಂಪು ದೀಪ ವಿದ್ಯುತ್ತಿನದು, ಹಸಿರು ದೀಪ ಕಾರ್ಡನ್ನು ಓದುವಾಗಿನದು. ಕೆಂಪು ದೀಪ ಹತ್ತಿ ಹತ್ತಿ ಆರುತ್ತಿತ್ತು. ಹಲಗೆಗೆ ಬೇಕಾದದ್ದು 5 ವೋಲ್ಟ್, ಸುಮಾರು 4.63ಕ್ಕಿಂತ ಕೆಳಗಿಳಿದರೆ ಆ ದೀಪ ಆರಿ ಎಚ್ಚರಿಸುತ್ತದೆ. ಅಡಾಪ್ಟರ್ ನೋಡಿದರೆ ಸಂಘ ಕೊಂಡದ್ದಲ್ಲ! ಯಾರೋ ಪುಣ್ಯಾತ್ಮರು ತಮ್ಮ ಮೊಬೈಲಿಗೆ ಒಳ್ಳೆಯದನ್ನು ತೆಗೆದುಕೊಂಡು, ದಾರದಷ್ಟು ಸಣ್ಣ ವಯರಿನ ಒಂದು ಚಾರ್ಜರನ್ನು ಇಲ್ಲಿ ಸಿಕ್ಕಿಸಿದ್ದರು. ಯಾರೆಂದು ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ‘ಇದೇ ಚಾರ್ಜರು ನನ್ನ ಮೊಬೈಲಿಗೆ ನಡೆಯುತ್ತದಲ್ಲ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೊಬೈಲಿಗೆ ಹೊಟ್ಟೆಯೊಳಗೆ ಬ್ಯಾಟರಿಯಿದೆ. ಒಂದು ಹೊತ್ತು ಕಡಿಮೆ ಬಡಿಸಿದರೂ ಅದು ಸಹಿಸಿಕೊಳ್ಳುತ್ತದೆ. ಈ ಹಲಗೆ ಕೈಯಿಂದ ಬಾಯಿಗೆ ಬದುಕುವಂಥದು. ಮೂರನೆಯ ಮಾದರಿಗೆ 2.5 ಆಂಪಿಯರ್, ನಾಲ್ಕನೆಯದಕ್ಕೆ 3, 2023ರಲ್ಲಿ ಬಂದ ಐದನೆಯದಕ್ಕೆ 5 ಆಂಪಿಯರ್ ಕೊಡುವ ಅಡಾಪ್ಟರೇ ಬೇಕು. ಏಳದ ಹಲಗೆಗಳಲ್ಲಿ ನನ್ನ ಕೈಗೆ ಬಂದವುಗಳ ಪೈಕಿ ಹೆಚ್ಚಿನವು ಈ ಹಸಿವಿನವೇ.

ಹಳೆಯ ಅಡಾಪ್ಟರು ಚಹಾದ ಮೂಲೆಯಲ್ಲಿ ಸಿಕ್ಕಿತು. ಹಾಕಿದೆವು. ಕೆಂಪು ದೀಪ ಗಟ್ಟಿಯಾಗಿ ನಿಂತಿತು. ಟಿವಿಯಲ್ಲಿ ಬಣ್ಣದ ಚೌಕ ಮೂಡಿ, ಅಲ್ಲೇ ನಿಂತುಬಿಟ್ಟಿತು. ಎಲ್ಲರೂ ನಿರಾಶರಾದರು, ನನಗೆ ಅರ್ಧ ಸಂತೋಷ. ಶಟರ್ ಎದ್ದಿದೆ, ಒಲೆ ಹೊತ್ತಿದೆ, ಭಟ್ಟರೂ ಬಂದಿದ್ದಾರೆ. ಹಸಿರು ದೀಪ ಮಿನುಗಿ, ತಡೆದು, ಮತ್ತೆ ಮಿನುಗುತ್ತಿತ್ತು. ಹುಡುಗನ ಕೈಗೆ ಪೆನ್ಸಿಲು ಕೊಟ್ಟು ಎಣಿಸಲು ಹೇಳಿದೆ. ಏಳು. ಮತ್ತೆ ಏಳು. ಏಳು ಮಿನುಗೆಂದರೆ ಕರ್ನೆಲ್ ಕಡತ ಸಿಗಲಿಲ್ಲ ಎಂದು ಅರ್ಥ. ಹಲಗೆ ಮಾತನಾಡುತ್ತಲೇ ಇತ್ತು, ಎಣಿಸುವವರು ಇರಲಿಲ್ಲ. ಹಸಿದ ಯಂತ್ರ ತನ್ನನ್ನು ನವೀಕರಿಸಿಕೊಳ್ಳುತ್ತಿದ್ದಾಗ ನಡುವೆ ವಿದ್ಯುತ್ತು ಬಿದ್ದು, ಹಳೆಯ ಕರ್ನೆಲ್ ಹೋಗಿ ಹೊಸದು ಪೂರ್ತಿ ಬರೆದಾಗದೆ ಉಳಿದಿತ್ತು ಎಂದು ನನ್ನ ಊಹೆ.

ಹಾಗಾದರೆ ಅಂಗಡಿಯಿಂದ ಆಗಷ್ಟೇ ಬಂದ ಹೊಸ ಹಲಗೆ ಏಕೆ ಏಳಲಿಲ್ಲ? ಅದರ ದೀಪ ನಾಲ್ಕು ಸಲ ಮಿನುಗುತ್ತಿತ್ತು. ನಾಲ್ಕೆಂದರೆ ಸ್ಟಾರ್ಟ್ ಕಡತ ಸಿಗಲಿಲ್ಲವೆಂದು, ಭಟ್ಟರೇ ಬಂದಿಲ್ಲ. ನಾಲ್ಕನೆಯ ಮಾದರಿ ಹೊರಬಂದದ್ದು 2019ರ ಜೂನ್‌ನಲ್ಲಿ, ಅದಕ್ಕೆ ಬೇರೆಯೇ ಒಂದು ಸ್ಟಾರ್ಟ್ ಕಡತ ಬೇಕು. 2018ರಲ್ಲಿ ಬರೆದ ನಮ್ಮ ಕಾರ್ಡಿನಲ್ಲಿ ಅದು ಇರುವುದೆಂತು? ಅಂಗಡಿಯವರ ತಪ್ಪಿಲ್ಲ, ಹಲಗೆಯ ತಪ್ಪೂ ಇಲ್ಲ. ನಮ್ಮ ಟಿವಿಯ ಕೇಬಲಿನ ಮೂತಿ ಅದರ ಸಣ್ಣ ಕಿಂಡಿಗೆ ಹಿಡಿಸದೆ ಇದ್ದುದರಿಂದ ಅದನ್ನು ಟಿವಿಗೆ ಜೋಡಿಸಿಯೇ ಇರಲಿಲ್ಲ. ಮರುದಿನ ಒಂದು ಕನ್ವರ್ಟರ್ ತಂದು ವಿದ್ಯುತ್ ಕಿಂಡಿಯ ಪಕ್ಕದ ಕಿಂಡಿಗೇ ಹಾಕಿ, ಕಾರ್ಡನ್ನು ಹೊರತೆಗೆದು ಹೊತ್ತಿಸಿದರೆ, ಪರದೆಯ ತುಂಬ ಅಕ್ಷರಗಳು! ಖಾಲಿ ಹಲಗೆಯೂ ತನ್ನ ಕ್ಷೇಮ ಸಮಾಚಾರ ಬರೆಯುತ್ತದೆ. ಇಂಥ ಹಲಗೆ ಇರುವವರು ಮೊದಲು ಇದನ್ನೇ ಮಾಡಿ ನೋಡಿ. ಅಕ್ಷರ ಬಂದರೆ ಹಲಗೆ ಬದುಕಿದೆ. ದೋಷ ಕಾರ್ಡಿನ ಕಡೆಗೆ ಹುಡುಕಬೇಕು.

ಹೊಸ ಮಾದರಿಗಳಲ್ಲಿ ಒಲೆ ಹೊತ್ತಿಸುವವನು ಕಾರ್ಡಿನಲ್ಲಿ ವಾಸಿಸುವುದಿಲ್ಲ. ಹಲಗೆಯ ಮೇಲೆಯೇ ಒಂದು ಸಣ್ಣ ಚಿಪ್ಪಿನಲ್ಲಿ ಇರುತ್ತಾನೆ. ಈತನನ್ನು ತಿದ್ದಿ ಬರೆಯಬಹುದಾದ್ದರಿಂದ ಕೆಡಿಸಲೂಬಹುದು. ಕೆಟ್ಟರೆ ಅಕ್ಷರವೂ ಇಲ್ಲ, ಮಿನುಗೂ ಇಲ್ಲ. ಹಲಗೆ ಸತ್ತಿತೆಂದು ಅಳಬೇಕಾಗಿಲ್ಲ, ಏಕೆಂದರೆ ಶಟರ್ ಎತ್ತುವವನನ್ನು ಯಾರೂ ಅಳಿಸಲಾರರು ಎಂದೆನಲ್ಲ, ಅವನು ಇನ್ನೂ ಇದ್ದಾನೆ. ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಉಚಿತ ಸಾಧನದಲ್ಲಿ ಬೂಟ್‌ಲೋಡರ್ ಎಂಬ ವಿಭಾಗವಿದೆ. ಅದರಿಂದ ಬೇರೊಂದು ಕಾರ್ಡಿಗೆ, ನೆನಪಿಡಿ, ಬೇರೊಂದು ಕಾರ್ಡಿಗೆ ಬರೆದು ಹಾಕಿದರೆ ಚಿಪ್ಪಿಗೆ ಪುನಃ ಪಾಠವಾಗುತ್ತದೆ. ಹಸಿರು ದೀಪ ಒಂದೇ ಸಮನೆ ವೇಗವಾಗಿ ಮಿನುಗತೊಡಗಿ, ಪರದೆಯೂ ಹಸಿರಾದರೆ ಕೆಲಸ ಆಯಿತು. ಅಲ್ಲಿಯವರೆಗೆ ಯಾರೂ ಸ್ವಿಚ್ಚಿನ ಹತ್ತಿರ ಹೋಗಬಾರದು. ನಮಗೆ ಇದರ ಅಗತ್ಯ ಬೀಳಲಿಲ್ಲ.

ನಾವು ಮಾಡಿದ್ದು ಸರಳ. ಒಂದು ಹೊಸ ಕಾರ್ಡು ಕೊಂಡು, ಅದಕ್ಕೆ ಹೊಸ ವ್ಯವಸ್ಥೆಯನ್ನು ಬರೆದು, ಹೊಸ ಹಲಗೆಗೆ ಹಾಕಿದೆವು. ಎದ್ದಿತು. ಹಳೆಯ ಕಾರ್ಡನ್ನು ಯುಎಸ್‌ಬಿ ರೀಡರಿನಲ್ಲಿಟ್ಟು ಪಕ್ಕದಲ್ಲಿ ಸಿಕ್ಕಿಸಿದೆವು. ಇದು ಲಿನಕ್ಸ್ ಬಲ್ಲ ಯಂತ್ರ; ವಿಂಡೋಸ್ ಓದಲಾರದ ಎರಡನೆಯ ಭಾಗವನ್ನು ಮಾತಿಲ್ಲದೆ ತೆರೆಯಿತು.

ಪಟ್ಟಿ ಇತ್ತು. ಹುಡುಗ ಉಸಿರೆತ್ತದೆ ಕೊನೆಯ ಸಾಲಿನವರೆಗೆ ಇಳಿಸಿಕೊಂಡು ಹೋದ. ಕೊನೆಯ ಸಾಲಿನಲ್ಲಿ ಪುಸ್ತಕದ ಹೆಸರಿತ್ತು, ಬರೆದವರ ಹೆಸರಿರಲಿಲ್ಲ. ವಿದ್ಯುತ್ತು ಕೈಕೊಟ್ಟದ್ದು ಅಲ್ಲಿಯೇ ಇರಬೇಕು. ಪ್ರತಿ ತೆಗೆದು ಪೆನ್‌ಡ್ರೈವಿನಲ್ಲಿ ಒಂದು, ಕಾರ್ಯದರ್ಶಿಗಳ ಮನೆಯಲ್ಲಿ ಒಂದು ಎಂದು ಇರಿಸಿದ ಮೇಲೆ, ಅವನು ಎದ್ದು ಮೂರನೆಯ ಕಪಾಟಿನ ಬಳಿ ಹೋದ. ಆ ಪುಸ್ತಕವನ್ನು ಹುಡುಕಿ ತಂದು, ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತು, ಬರೆದವರ ಹೆಸರನ್ನು ಬೆರಳಚ್ಚು ಮಾಡಿದ.