ಉಬ್ಬಸದ ಮಗು, ಮನೆಯವರ ಪಥ್ಯ

ಮೃಗಶಿರಾ ಮಳೆ ಹೂಡುವ ಜೂನ್ ಮೊದಲ ಭಾಗದಲ್ಲಿ ಹೈದರಾಬಾದಿನ ನಾಂಪಲ್ಲಿ ವಸ್ತುಪ್ರದರ್ಶನ ಮೈದಾನ ಜನರಿಂದ ಕಿಕ್ಕಿರಿಯುತ್ತದೆ. ಬತ್ತಿನಿ ಮನೆತನದವರು ಜೀವಂತ ಮೀನಿನ ಮರಿಯ ಬಾಯಿಗೆ ಹಳದಿ ಮದ್ದಿಟ್ಟು ಉಬ್ಬಸದವರಿಗೆ ನುಂಗಿಸುತ್ತಾರೆ. 1845ರಿಂದ ನಡೆದುಬಂದದ್ದು ಎನ್ನುತ್ತಾರೆ, ಕಾಸು ಮುಟ್ಟುವುದಿಲ್ಲ. ಕರ್ನಾಟಕದಿಂದಲೂ ತಾಯಂದಿರು ಮಕ್ಕಳನ್ನೆತ್ತಿಕೊಂಡು ಹೋಗಿ ಸಾಲು ನಿಲ್ಲುತ್ತಾರೆ.

ಈ ಮದ್ದಿನಿಂದ ಉಬ್ಬಸ ವಾಸಿಯಾಗುತ್ತದೆ ಎನ್ನಲು ವೈದ್ಯಕೀಯ ಆಧಾರವಿಲ್ಲ. ಆದರೆ ಅದರ ಜೊತೆಗೆ ಹೇಳುವ 45 ದಿನಗಳ ಪಥ್ಯ ನನ್ನನ್ನು ಕಾಡುತ್ತದೆ. ಮಗು ಏನು ತಿಂದಿತೆಂದು ಅಷ್ಟು ದಿನ ಕಣ್ಣಿಟ್ಟು ಕಾಯುವ ಮನೆಯಲ್ಲೇ ದೊಡ್ಡವರೊಬ್ಬರು ಬೀಡಿ ಹಚ್ಚಿದರೆ ಯಾರೂ ತಡೆಯುವುದಿಲ್ಲ.

ಮಕ್ಕಳ ಶ್ವಾಸನಾಳ ಸಣ್ಣದು. ಉಸಿರಾಟವೂ ದೊಡ್ಡವರಿಗಿಂತ ವೇಗ. ಹೊಗೆ ತಾಗಿದರೆ ನಾಳದ ಒಳಪದರ ಊದಿಕೊಳ್ಳುತ್ತದೆ, ಕಫ ಹೆಚ್ಚುತ್ತದೆ, ಸುತ್ತಲ ಸ್ನಾಯು ಬಿಗಿಯುತ್ತದೆ. ಸಾಲ್ಬುಟಮಾಲ್ ಇನ್‌ಹೇಲರ್ ಆ ಬಿಗಿತವನ್ನು ಬೇಗ ಸಡಿಲಿಸುತ್ತದೆ. ಊತವನ್ನು ಇಳಿಸುವುದು ಬ್ಯುಡೆಸೊನೈಡ್‌ನಂಥ ಸ್ಟಿರಾಯ್ಡ್ ಇನ್‌ಹೇಲರ್. ವೈದ್ಯರು ಹೇಳಿದಷ್ಟು ಕಾಲ, ಮಗು ಆರಾಮಾಗಿದ್ದಾಗಲೂ, ಸ್ಪೇಸರ್ ಎಂಬ ಕೊಳವೆ ಹಚ್ಚಿ ಇದನ್ನು ತಪ್ಪದೆ ಎಳೆಸಬೇಕು. ಇನ್‌ಹೇಲರ್ ಚಟವಾಗುತ್ತದೆಂಬ ಭಯ ಬೇಡ. ಭಯಪಡಬೇಕಾದ್ದು ಬೇರೆಯೇ ಇದೆ: ಹೊಗೆ ತುಂಬಿದ ಮನೆಯಲ್ಲಿ ಈ ಸ್ಟಿರಾಯ್ಡ್ ಮದ್ದಿನ ಕಸುವೇ ಕುಗ್ಗುತ್ತದೆ. ಆಗ ಮದ್ದು ಹಿಡಿಯಲಿಲ್ಲವೆಂದು ಡೋಸು ಏರಿಸುತ್ತೇವೆ, ಡಾಕ್ಟರನ್ನು ಬದಲಿಸುತ್ತೇವೆ.

ಕಿಟಕಿ ತೆರೆದರೆ, ಫ್ಯಾನು ಹಾಕಿದರೆ ಸಾಲದು. ಬಾಲ್ಕನಿಯಲ್ಲಿ ಸೇದಿ ಬಂದವರ ಅಂಗಿಯಲ್ಲಿ, ಕೂದಲಲ್ಲಿ ಹೊಗೆಯ ಅಂಶ ಉಳಿದಿರುತ್ತದೆ. ಅವರೇ ಮಗುವನ್ನು ಎದೆಗೊತ್ತಿಕೊಳ್ಳುತ್ತಾರೆ.

ಹೊಗೆ ತಗ್ಗಿದರೆ ಏನಾದೀತು ಎಂಬುದಕ್ಕೆ ಸ್ಕಾಟ್‌ಲೆಂಡ್ ಸಾಕ್ಷಿ. 2006ರ ಮಾರ್ಚ್‌ನಲ್ಲಿ ಅಲ್ಲಿ ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧಿಸಿದರು. ಅದಕ್ಕೆ ಮೊದಲು ಆಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ ಶೇ. 5ರಷ್ಟು ಏರುತ್ತಿತ್ತು, ಆಮೇಲೆ ವರ್ಷಕ್ಕೆ ಶೇ. 18ರಷ್ಟು ಇಳಿಯತೊಡಗಿತು. ಶಾಲೆಗೆ ಹೋಗದ ಪುಟ್ಟ ಮಕ್ಕಳಲ್ಲೂ ಇಳಿಯಿತು.

ನಮ್ಮಲ್ಲಿ 2008ರ ಅಕ್ಟೋಬರ್ 2ರಿಂದ ಇಂಥ ನಿಯಮವಿದೆ. ಆದರೆ ಕಾನೂನು ಹೊಸ್ತಿಲಾಚೆಗೇ ನಿಲ್ಲುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 38.7ರಷ್ಟು ವಯಸ್ಕರು ಮನೆಯಲ್ಲೇ ಪರರ ಹೊಗೆ ಕುಡಿಯುತ್ತಿದ್ದರು. ಅದೇ ಮನೆಗಳಲ್ಲಿ ಮಕ್ಕಳೂ ಇದ್ದರು.

ಆದ್ದರಿಂದ ತಂದೆಯರಲ್ಲಿ, ಅಜ್ಜಂದಿರಲ್ಲಿ ನನ್ನ ಕೋರಿಕೆ ಇಷ್ಟು. ಮಗುವಿನ ಚೀಟಿ ಬರೆಸಲು ಹೋದಾಗ ನಿಮ್ಮ ಸಿಗರೇಟಿನ ವಿಷಯವನ್ನೂ ವೈದ್ಯರಿಗೆ ಹೇಳಿ. ಬಿಡಲು ನೆರವು ಬೇಕಿದ್ದರೆ 1800 11 2356ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ.